ಅಮ್ಮ ದೂರು ಕೊಡ್ತೀನಿ ಅಂದ ದಿನ

2022ರ ಜೂನ್ ತಿಂಗಳ ಒಂದು ಸಂಜೆ. ಮೆಟ್ರೊದಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿತ್ತು. ಅಷ್ಟರಲ್ಲಿ ಅರಸೀಕೆರೆಯಿಂದ ಅಮ್ಮನ ಫೋನು.

"ನಿನ್ ಚಿಕ್ಕಮ್ಮನ ತಲೆ ಕೆಡಿಸ್ತಿದ್ದಾರಲ್ಲ, ಅವ್ರ ಮೇಲೊಂದು ಕಂಪ್ಲೇಂಟ್ ಬರ್ಕೊಡು. ಹೊಸ ಕಾನೂನು ಬಂದಿದೆಯಂತೆ, ಟಿವಿಲಿ ಹೇಳಿದ್ರು. ಒಡಹುಟ್ಟಿದೋರೂ ಕೊಡಬಹುದಂತೆ."

ನಮ್ಮ ಚಿಕ್ಕಮ್ಮ ಇರೋದು ತಿಪಟೂರಲ್ಲಿ. ಚಿಕ್ಕಪ್ಪ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೀತಿದ್ರು. ಕೊರೊನಾ ಎರಡನೇ ಅಲೆಯಲ್ಲಿ ಹೋಗಿಬಿಟ್ರು. ನಾವೆಲ್ಲ ಹೋಗಿ ಕಾರ್ಯ ಮುಗಿಸಿ, ಕೈಲಾದಷ್ಟು ದುಡ್ಡು ಕೊಟ್ಟು, ವಾಪಸ್ ಬಂದ್ವಿ. ಆಮೇಲೆ ಪಕ್ಕದ ಬೀದಿಯ ಒಬ್ಬ ಹೆಂಗಸು ಚಿಕ್ಕಮ್ಮನ ಮನೆಗೆ ಬರೋಕೆ ಶುರು ಮಾಡಿದ್ರಂತೆ. ಮೊದಲ ಸಲ ಅರ್ಧ ಮೂಟೆ ಅಕ್ಕಿ ತಂದಿದ್ರು. ಆಮೇಲೆ ಏನೂ ತರ್ತಿರಲಿಲ್ಲ, ದಿನಾ ಸಂಜೆ ಒಂದು ಗಂಟೆ ಸುಮ್ಮನೆ ಕೂತು ಹೋಗ್ತಿದ್ರು. ಕೆಲವು ತಿಂಗಳಾದ ಮೇಲೆ ಚಿಕ್ಕಮ್ಮ ಅವರ ಜೊತೆ ಭಾನುವಾರದ ಪ್ರಾರ್ಥನೆಗೆ ಹೋದಳು. ಈಗ ದೀಕ್ಷಾಸ್ನಾನ ತಗೊಳ್ಳೋ ಮಾತಾಡ್ತಿದ್ದಳು.

ನಿಜ ಹೇಳ್ತೀನಿ, ನನಗೂ ಇಷ್ಟ ಆಗಿರಲಿಲ್ಲ. ದುಃಖದಲ್ಲಿರೋರ ಮನೆ ಹುಡುಕಿಕೊಂಡು ಬರ್ತಾರೆ ಅನ್ನೋ ಸಿಟ್ಟು ನನಗೂ ಇತ್ತು. ಅದಕ್ಕೇ ಅಮ್ಮನಿಗೆ "ಆಯ್ತು ನೋಡ್ತೀನಿ" ಅಂದೆ. ರಾತ್ರಿ ಊಟ ಆದಮೇಲೆ ಕಾನೂನಿನ ಪ್ರತಿಯನ್ನು ಫೋನಲ್ಲೇ ಓದೋಕೆ ಕೂತೆ.

ಜನ ಇದನ್ನ ಮತಾಂತರ ನಿಷೇಧ ಕಾಯ್ದೆ ಅಂತಾರೆ. ಕಾಗದದ ಮೇಲಿನ ಹೆಸರು ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಒಪ್ಪಿತ್ತು. ಪರಿಷತ್ತಿನಲ್ಲಿ ನಿಂತಿದ್ದರಿಂದ 2022ರ ಮೇ 17ಕ್ಕೆ ಸುಗ್ರೀವಾಜ್ಞೆ ತಂದರು. ಸೆಪ್ಟೆಂಬರ್‌ನಲ್ಲಿ ಪರಿಷತ್ತೂ ಒಪ್ಪಿ ಅದು ಪೂರ್ತಿ ಕಾಯ್ದೆಯಾಯಿತು. ಇಂಥ ಕಾನೂನು ಹೊಸದೇನಲ್ಲ. 1967ರಲ್ಲಿ ಒಡಿಶಾ, 1968ರಲ್ಲಿ ಮಧ್ಯಪ್ರದೇಶ ಮಾಡಿದ್ದವು. ಧರ್ಮ ಪ್ರಚಾರದ ಹಕ್ಕು ಅಂದ್ರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ ಹೇಳಿ ಸುಪ್ರೀಂ ಕೋರ್ಟ್ 1977ರಲ್ಲೇ ಅವನ್ನು ಎತ್ತಿಹಿಡಿದಿದೆ. ಬಲವಂತ, ಮೋಸ ಮಾಡಿದೋರಿಗೆ ಶಿಕ್ಷೆ ಅಂದ್ರೆ ಯಾರು ತಾನೇ ಬೇಡ ಅಂತಾರೆ?

ಅಮ್ಮ ಹೇಳಿದ್ದು ಸರಿಯೇ ಇತ್ತು. ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ರಕ್ತಸಂಬಂಧಿ ಯಾರು ಬೇಕಾದ್ರೂ ದೂರು ಕೊಡಬಹುದು. ಅಷ್ಟೇ ಅಲ್ಲ, ಸಹೋದ್ಯೋಗಿಯೂ ಕೊಡಬಹುದು! ನಿಮ್ಮ ಆಫೀಸಲ್ಲಿ ಪಕ್ಕದ ಸೀಟಲ್ಲಿ ಕೂರೋರನ್ನ ಒಂದ್ಸಲ ನೆನಪಿಸ್ಕೊಳ್ಳಿ. ಅಪರಾಧ ಜಾಮೀನುರಹಿತ. ಆಮಿಷ ಒಡ್ಡಿಲ್ಲ, ಬಲವಂತ ಮಾಡಿಲ್ಲ ಅಂತ ಸಾಬೀತು ಮಾಡೋ ಹೊಣೆಯೂ ಆರೋಪಿಯದ್ದೇ.

ಆಮಿಷ ಅಂದ್ರೇನು? ದುಡ್ಡು, ಉಡುಗೊರೆ, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಓದು, ಮದುವೆಯ ಮಾತು, ಉತ್ತಮ ಜೀವನದ ಭರವಸೆ, ದೇವರ ಅವಕೃಪೆಯ ಮಾತು, ಒಂದು ಧರ್ಮವನ್ನು ಇನ್ನೊಂದಕ್ಕಿಂತ ಹೊಗಳೋದು, ಎಲ್ಲವೂ ಅದರಲ್ಲಿವೆ. ದೇವರ ಅವಕೃಪೆ ಅಂತ ಓದಿದಾಗ ನಗು ಬಂತು. ಯಡಿಯೂರಿನ ಹರಕೆ ತಡವಾಯ್ತು, ಅದಕ್ಕೇ ನಿಂಗೆ ಪ್ರಮೋಷನ್ ಬರ್ತಿಲ್ಲ ಅಂತ ಅಮ್ಮ ನನ್ನನ್ನ ಹೆದರಿಸದ ವರ್ಷವೇ ಇಲ್ಲ.

ಹಾಗಾದ್ರೆ ಆ ಅರ್ಧ ಮೂಟೆ ಅಕ್ಕಿ? ಅದು ಆಮಿಷವಾ, ಸಹಾಯವಾ? ಅವತ್ತು ಅದನ್ನ ನಾವು ತಂದಿದ್ದಿದ್ರೆ ಅದಕ್ಕೆ ಏನು ಹೆಸರು?

ಇನ್ನೊಂದು ವಿಷಯ. ಯಾರೂ ಬಲವಂತ ಮಾಡದೆ, ನಾನಾಗೇ ಧರ್ಮ ಬದಲಾಯಿಸ್ತೀನಿ ಅಂದ್ರೂ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು. ಅದನ್ನ ಜಿಲ್ಲಾಧಿಕಾರಿ ಕಚೇರಿ ಮತ್ತು ತಹಶೀಲ್ದಾರ್ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೀತಾರೆ. ಆಕ್ಷೇಪಣೆ ಬಂದ್ರೆ ಕಂದಾಯ ಇಲ್ಲವೇ ಸಮಾಜ ಕಲ್ಯಾಣ ಇಲಾಖೆಯವರು ಉದ್ದೇಶ ನಿಜವೇ ಅಂತ ವಿಚಾರಣೆ ಮಾಡ್ತಾರೆ. ಮತಾಂತರ ಆದಮೇಲೆ ಮತ್ತೊಂದು ಘೋಷಣೆ. ಹಿಂದಿನ ಧರ್ಮಕ್ಕೇ ಮರಳಿದ್ರೆ ಮಾತ್ರ ಇದ್ಯಾವುದೂ ಇಲ್ಲ. ಅದು ಮತಾಂತರವೇ ಅಲ್ಲ ಅನ್ನುತ್ತೆ ಕಾಯ್ದೆ. ಹಿಮಾಚಲ ಪ್ರದೇಶದಲ್ಲೂ ಇಂಥದೇ 30 ದಿನಗಳ ನೋಟಿಸ್ ನಿಯಮ ಇತ್ತು. ತನ್ನ ನಂಬಿಕೆಯನ್ನು ತನ್ನಲ್ಲೇ ಇಟ್ಟುಕೊಳ್ಳೋ ಹಕ್ಕು ಮನುಷ್ಯನಿಗಿದೆ ಅಂತ 2012ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿತ್ತು.

ಮಾರನೇ ದಿನ ಚಿಕ್ಕಮ್ಮನಿಗೇ ಫೋನ್ ಮಾಡಿ ಈ ಬೋರ್ಡಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ತಾಲ್ಲೂಕು ಆಫೀಸ್ ಬೋರ್ಡಲ್ಲಿ ನನ್ ಹೆಸರು ಹಾಕ್ತಾರಾ? ವಿಧವಾ ವೇತನಕ್ಕೆ ಅಂತ ಎಷ್ಟು ಸಲ ಅಲ್ಲಿ ಅಲೆದಿದ್ದೀನಿ ಗೊತ್ತಾ? ಎಲ್ಲಾ ಮುಖ ನೋಡಿರೋರೇ ಕಣೆ."

ಬಲವಂತದಿಂದ ಅವಳನ್ನ ಕಾಪಾಡೋಕೆ ಅಂತ ಬಂದ ಕಾನೂನು ಅದು. ಅವಳು ಹೆದರಿದ್ದು ಮಾತ್ರ ಆ ಬೋರ್ಡಿಗೆ. ನಾನು ಧೈರ್ಯ ಮಾಡಿ ಕೇಳೇಬಿಟ್ಟೆ: ಯಾರಾದ್ರೂ ಒತ್ತಾಯ ಮಾಡಿದ್ರಾ? "ಒತ್ತಾಯ ಏನ್ ಮಾಡ್ತಾರೆ, ಅಲ್ಲಿ ಕೂತಾಗ ಎದೆ ಹಗುರ ಆಗುತ್ತೆ" ಅಂದಳು. ಅದು ನನಗೆ ಅರ್ಥ ಆಯ್ತು ಅಂತ ಹೇಳಲ್ಲ. ಆದ್ರೆ 45 ದಾಟಿದ ಹೆಂಗಸು, ಬ್ಲೌಸ್ ಹೊಲಿದು ಮಗನನ್ನ ಡಿಪ್ಲೊಮಾ ಓದಿಸ್ತಿರೋಳು, ಅವಳಿಗೆ ತನ್ನ ಮನಸ್ಸು ಗೊತ್ತಿಲ್ಲ ಅಂತ ನಾನು ಹೇಗೆ ಬರೆದುಕೊಡಲಿ? ಹೆಂಗಸರು, ಅಪ್ರಾಪ್ತರು, ಪರಿಶಿಷ್ಟರು, ಬುದ್ಧಿ ಸ್ವಾಸ್ಥ್ಯ ಇಲ್ಲದವರು, ಇವರನ್ನೆಲ್ಲ ಕಾಯ್ದೆ ಒಂದೇ ಸಾಲಿನಲ್ಲಿ ಕೂರಿಸಿ ಹೆಚ್ಚಿನ ಶಿಕ್ಷೆ ಇಟ್ಟಿದೆ. ಆ ಸಾಲಲ್ಲಿ ನಾನೂ ಇದ್ದೀನಿ ಅನ್ನೋದು ತಡವಾಗಿ ಹೊಳೀತು.

ರಾತ್ರಿ ಅಮ್ಮನಿಗೆ ಎಲ್ಲಾ ಓದಿ ಹೇಳಿದೆ.

"ಆ ಹೆಂಗಸಿಗೆ ಎಷ್ಟು ವರ್ಷ ಆಗುತ್ತೆ?"

"3ರಿಂದ 10. ಜೊತೆಗೆ 50 ಸಾವಿರ ದಂಡ."

"ಅಯ್ಯೋ, ಅವ್ಳಿಗೂ ಸಣ್ಣ ಮಕ್ಳಿದಾವಲ್ಲೇ."

ಆಮೇಲೆ ಇನ್ನೊಂದು ಪ್ರಶ್ನೆ ಬಂತು, ಅದನ್ನ ನಾನು ನಿರೀಕ್ಷಿಸಿರಲಿಲ್ಲ. "ಕಾರ್ಯ ಆದ್ಮೇಲೆ ನಾವು ತಿಪಟೂರಿಗೆ ಎಷ್ಟು ಸಲ ಹೋಗಿದ್ವೇ?"

ಒಂದೇ ಸಲ. ಅದೂ ಯಾವುದೋ ಮದುವೆಗೆ ಹೋಗೋ ದಾರೀಲಿ. ಅರಸೀಕೆರೆಯಿಂದ ತಿಪಟೂರು ಎಷ್ಟು ದೂರ, ರೈಲಲ್ಲಿ ಕೂತ್ರೆ ಒಂದು ನಿದ್ದೆಯೂ ಆಗಲ್ಲ.

ದೂರು ಬರೆಯಲಿಲ್ಲ. ಚಿಕ್ಕಮ್ಮನೂ ದೀಕ್ಷಾಸ್ನಾನ ಮುಂದೂಡಿದಳು, ಭಾನುವಾರ ಹೋಗೋದು ಬಿಡಲಿಲ್ಲ. ಅಮ್ಮನಿಗೆ ಇವತ್ತಿಗೂ ಅದು ಹಿಡಿಸಲ್ಲ, ಎದುರಿಗೇ ಬೈತಾಳೆ. ಅವಳು ಕುಂಕುಮ ಕೊಡೋದು, ಇವಳು ಬೇಡ ಅನ್ನೋದು, ಇಬ್ಬರೂ ಮುಖ ಊದಿಸ್ಕೊಂಡು ಕೂರೋದು ನಡೀತಾನೇ ಇದೆ.

2023ರ ಜೂನ್ 15ರಂದು ಹೊಸ ಸರ್ಕಾರದ ಸಂಪುಟ ಈ ಕಾಯ್ದೆ ರದ್ದು ಮಾಡೋ ತೀರ್ಮಾನ ಮಾಡಿತು ಅಂತ ಸುದ್ದಿ ಬಂದಾಗ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಹಂಗಾದ್ರೆ ಬೋರ್ಡಿಗೆ ಹಾಕಲ್ವಾ?"

"ಇದು ಸಂಪುಟದ ತೀರ್ಮಾನ ಅಷ್ಟೇ ಚಿಕ್ಕಮ್ಮ. ವಿಧಾನಸಭೆ, ಪರಿಷತ್ತು ಎರಡೂ ಒಪ್ಪಬೇಕು."

"ಆಗ್ಲಿ ಬಿಡು, ಅಲ್ಲೀತನಕ ನಾನೇನು ಎಲ್ಲೂ ಹೋಗಲ್ಲ. ಶನಿವಾರ ನಿಮ್ಮಮ್ಮ ಬರ್ತಾಳಂತೆ, ಅವಳಿಗೆ ಕೊಬ್ಬರಿ ಎತ್ತಿಟ್ಟಿದ್ದೀನಿ. ನಿನಗೂ ಸ್ವಲ್ಪ ಕಳಿಸ್ಲಾ?"