ಕಿರಣಚಿಕಿತ್ಸೆಯೂ ನೀರಿನ ನಿಷೇಧವೂ

ಮಾನ್ಯ ಸಂಪಾದಕರಿಗೆ,

ನಮ್ಮ ಜನ ‘ಕರೆಂಟು ಕೊಡಿಸುವುದು’ ಎನ್ನುವ ಕಿರಣಚಿಕಿತ್ಸೆಗೆ ಒಳಗಾದ ಅರ್ಬುದರೋಗಿಗಳು, ಚಿಕಿತ್ಸೆ ಮುಗಿಯುವವರೆಗೂ ಕಿರಣ ತಾಗುವ ಭಾಗಕ್ಕೆ ನೀರನ್ನೇ ಸೋಕಿಸಕೂಡದೆಂಬ ಕಟ್ಟಪ್ಪಣೆಯು ಇಂದಿಗೂ ಕೆಲವು ಆಸ್ಪತ್ರೆಗಳಲ್ಲಿ ನಡೆದುಬರುತ್ತಿರುವುದನ್ನು ತಮ್ಮ ಪತ್ರಿಕೆಯ ಮೂಲಕ ಆಕ್ಷೇಪಿಸಬಯಸುತ್ತೇನೆ. ಸ್ತನದ ಅರ್ಬುದಕ್ಕಾಗಿ ಈ ಚಿಕಿತ್ಸೆಯನ್ನು ಪಡೆದ ನನ್ನ ತಂಗಿಗೆ ಮೊದಲ ದಿನ ದೊರೆತ ಉಪದೇಶ ಇದೊಂದೇ. ಬೇಸಗೆಯ ಬೆವರಿನಲ್ಲಿ ಕಂಕುಳೂ ಸ್ತನದ ಕೆಳಮಡಿಕೆಯೂ ಕೆಂಪೇರಿ, ಕಪ್ಪಿಟ್ಟು, ಕಡೆಗೆ ಸುಲಿದು ರಸವೊಸರತೊಡಗಿದಾಗ, ಇದು ಸಹಜ, ಸಹಿಸಿಕೊಳ್ಳಬೇಕು ಎಂಬುದರ ಹೊರತು ಬೇರೆ ಉತ್ತರ ಬರಲಿಲ್ಲ.

ಚರ್ಮದ ತಳಪದರದಲ್ಲಿ ಸದಾ ವಿಭಜಿಸುತ್ತಿರುವ ಜೀವಕೋಶಗಳನ್ನು ಕಿರಣಗಳು ಘಾತಿಸುವುದರಿಂದ ಎರಡು ಮೂರು ವಾರಗಳಲ್ಲಿ ಚರ್ಮ ಕೆಂಪಾಗುವುದು ಬಹುಮಂದಿಗೆ ಅನಿವಾರ್ಯವೇ ಸರಿ. ಆದರೆ ಅದು ವ್ರಣವಾಗುವಷ್ಟು ಉಲ್ಬಣಿಸುವುದನ್ನು ಎಷ್ಟೋ ಮಟ್ಟಿಗೆ ತಡೆಯಬಹುದು. 1992ರಲ್ಲಿ ಬ್ರಿಟನ್ನಿನಲ್ಲಿಯೂ 2001ರಲ್ಲಿ ಕೆನಡಾದಲ್ಲಿಯೂ ಸ್ತನದ ಅರ್ಬುದವುಳ್ಳವರನ್ನು ತೊಳೆಯುವವರು, ತೊಳೆಯದವರು ಎಂದು ವಿಂಗಡಿಸಿ ನಡೆಸಿದ ಪರೀಕ್ಷೆಗಳಲ್ಲಿ, ತೊಳೆದುದರಿಂದ ಹಾನಿಯಾಗಲಿಲ್ಲವೆಂಬುದಷ್ಟೇ ಅಲ್ಲ, ತೊಳೆದವರ ಚರ್ಮದ ಸ್ಥಿತಿಯೇ ಮೇಲಾಗಿದ್ದಿತು. ಚಿಕಿತ್ಸೆಯ ಆರಂಭದಿಂದಲೇ ಮೊಮೆಟಾಸೋನಿನಂತಹ ಸ್ಟೀರಾಯ್ಡ್ ಮುಲಾಮನ್ನು ವೈದ್ಯರ ಸೂಚನೆಯಂತೆ ತೆಳುವಾಗಿ ಲೇಪಿಸುವುದನ್ನು ಅಂತಾರಾಷ್ಟ್ರೀಯ ತಜ್ಞಮಂಡಲಿಗಳೂ ಅನುಮೋದಿಸಿವೆ. ಹೀಗಿರಲು ಈ ನಿಷೇಧವು ಏಕೆ ಉಳಿದುಕೊಂಡಿತು? ಮೈಮೇಲೆ ಶಾಯಿಯಿಂದ ಬರೆದ ಗುರುತುಗಳು ಅಳಿಸಿ ಕಿರಣದ ಗುರಿ ತಪ್ಪೀತೆಂಬ ಭಯವೇ ಮೂಲವೆಂದು ನನ್ನ ಎಣಿಕೆ. ಆ ಭಯ ನಿರಾಧಾರವಲ್ಲ. ಆದರೆ ಸಾಸಿವೆಯಷ್ಟು ಸಣ್ಣ ಹಚ್ಚೆಯ ಚುಕ್ಕೆಗಳನ್ನಿಡುವುದರಿಂದಲೋ, ಉಜ್ಜದೆ ಉಗುರುಬೆಚ್ಚಗಿನ ನೀರೆರೆದುಕೊಂಡು ಮೆತ್ತನೆಯ ಬಟ್ಟೆಯಿಂದ ಒತ್ತಿಕೊಳ್ಳುವುದನ್ನು ಕಲಿಸುವುದರಿಂದಲೋ ನೀಗುವ ತೊಡಕಿಗಾಗಿ ರೋಗಿಯನ್ನು ವಾರಗಟ್ಟಲೆ ಬೆವರಿನಲ್ಲಿ ಬೇಯಿಸುವುದು ನ್ಯಾಯವಲ್ಲ.

ಇದನ್ನು ಕೇವಲ ಮೈಸುಖದ ಮಾತೆಂದು ತಳ್ಳಿಹಾಕಲಾಗದು. ಹೊಗೆಸೊಪ್ಪಿನ ದೆಸೆಯಿಂದ ನಮ್ಮಲ್ಲಿ ಹೇರಳವಾಗಿರುವ ಬಾಯಿಯ ಅರ್ಬುದಕ್ಕೆ ಆರೇಳು ವಾರಗಳ ಚಿಕಿತ್ಸೆ ಬೇಕಾಗುವುದುಂಟು. ಕಿರಣ ತಾಗಿದ ಕೊರಳ ಚರ್ಮ ಒಡೆದು ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಕಾಗಿ ಬಂದರೆ, ಆ ಬಿಡುವಿನಲ್ಲಿ ಅಳಿದುಳಿದ ರೋಗಕೋಶಗಳು ಮತ್ತೆ ವೃದ್ಧಿಗೊಳ್ಳುತ್ತವೆ.

ಆದಕಾರಣ ಆರೋಗ್ಯ ಇಲಾಖೆಯು, ಸರ್ಕಾರದ ವೆಚ್ಚದಲ್ಲಿ ಕಿರಣಚಿಕಿತ್ಸೆ ನೀಡುವ ಪ್ರತಿಯೊಂದು ಆಸ್ಪತ್ರೆಯೂ ಮೊದಲ ದಿನವೇ ಚರ್ಮರಕ್ಷಣೆಯ ಕ್ರಮವನ್ನು ಕನ್ನಡದಲ್ಲಿ ಅಚ್ಚುಮಾಡಿಸಿ ಕೊಡತಕ್ಕದ್ದೆಂದೂ, ಓದಲಾರದವರಿಗೆ ದಾದಿಯೊಬ್ಬರು ಕುಳಿತು ತಿಳಿಯಹೇಳತಕ್ಕದ್ದೆಂದೂ, ಮುಲಾಮನ್ನು ಅಲ್ಲಿಯೇ ಉಚಿತವಾಗಿ ಒದಗಿಸತಕ್ಕದ್ದೆಂದೂ ಆಜ್ಞೆ ಹೊರಡಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ಓದುಗ