ಮೂತ್ರಕೋಶಕ್ಕೊಂದು ಅಳತೆ

ಈ ತಿಂಗಳು ಬಂದ ಪತ್ರಗಳಲ್ಲೊಂದು ಮನಸ್ಸನ್ನು ಮರುಗಿಸಿತು. ಬರೆದವರು, 68 ವರ್ಷದ ತಂದೆಯವರನ್ನು ದಿನವೂ ಆಸ್ಪತ್ರೆಗೆ ಕರೆದೊಯ್ಯುತ್ತಿರುವ ಮಗ. ಹಿರಿಯರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗಾಗಿ ವಿಕಿರಣ ಚಿಕಿತ್ಸೆ ನಡೆದಿದೆ. ನೀರು ಕುಡಿದು ಸರದಿಗಾಗಿ ಕಾಯುತ್ತಿದ್ದಾಗ ಒಂದು ದಿನ ತಡೆಯಲಾಗದೆ ಪಂಚೆ ಒದ್ದೆಯಾಯಿತಂತೆ. ಅಂದಿನಿಂದ ಅವರು ಹೇಳಿದಷ್ಟು ನೀರು ಕುಡಿಯುತ್ತಿಲ್ಲ. ಎರಡು ಸಲ ಅವರನ್ನು ಯಂತ್ರದಿಂದ ಇಳಿಸಿ, ಮತ್ತೆ ನೀರು ಕುಡಿಸಿ ಕೂರಿಸಿದರೂ ಕಾರಣ ಹೇಳಿಲ್ಲ. “ಯಾರ ಮುಂದೂ ಹೇಳಬೇಡಪ್ಪಾ” ಎಂದು ಮಗನಿಂದ ಮಾತು ಪಡೆದಿದ್ದಾರೆ. “ನೀರು ತುಸು ಕಡಿಮೆಯಾದರೆ ಅಷ್ಟೇನು ಬಾಧಕ?” ಎಂಬುದು ಮಗನ ಪ್ರಶ್ನೆ.

ಬಾಧಕವುಂಟು. ಅದನ್ನು ಎಲ್ಲ ಮನೆಗಳವರೂ ತಿಳಿದಿರುವುದು ಒಳ್ಳೆಯದು.

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮಾತ್ರ ಇರುವ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಗ್ರಂಥಿ. ಅದರ ಮೇಲೆ ಮೂತ್ರಕೋಶ, ಹಿಂದೆ ಗುದನಾಳ. ಮೂತ್ರಕೋಶವು ಹಿಗ್ಗಿ ಕುಗ್ಗುವ ಚೀಲ. ಅದು ತುಂಬಿದಾಗ ಕರುಳಿನ ಸುರುಳಿಗಳು ಮೇಲಕ್ಕೆ ಸರಿಯುತ್ತವೆ. ಚೀಲದ ಗೋಡೆಯ ಬಹುಭಾಗವೂ ಕಿರಣಗಳಿಂದ ದೂರವಾಗುತ್ತದೆ. ಚಿಕಿತ್ಸೆಗೆ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ, ಕಿರಣಗಳು ಎಲ್ಲಿಗೆ ಎಷ್ಟು ತಲುಪಬೇಕೆಂಬ ನಕ್ಷೆಯನ್ನು ವೈದ್ಯರು ಸಿದ್ಧಪಡಿಸುತ್ತಾರೆ. ಆ ದಿನ ಮೂತ್ರಕೋಶ ಎಷ್ಟು ತುಂಬಿತ್ತೋ, ಮುಂದಿನ ಪ್ರತಿ ದಿನವೂ ಸರಿಸುಮಾರು ಅಷ್ಟೇ ತುಂಬಿರಬೇಕು. ಕಡಿಮೆಯಾದರೆ ಕರುಳೂ ಮೂತ್ರಕೋಶವೂ ಹೆಚ್ಚು ಕಿರಣಗಳಿಗೆ ಒಳಗಾಗಿ ಉರಿಮೂತ್ರ, ಭೇದಿ ಮುಂತಾದ ತೊಂದರೆಗಳು ಹೆಚ್ಚಬಹುದು. ಅತಿಯಾಗಿ ತುಂಬಿದರೆ ಗ್ರಂಥಿಯೇ ಸ್ಥಳ ಬದಲಿಸಬಹುದು. ರೋಗಿಗೆ ಅಲುಗಾಡದೆ ಮಲಗುವುದೂ ಕಷ್ಟ. ಆದ್ದರಿಂದ ಇಲ್ಲಿ ಬೇಕಾದದ್ದು ಹೆಚ್ಚು ತುಂಬಿಸಿಕೊಳ್ಳುವ ಸಾಹಸವಲ್ಲ, ದಿನವೂ ಒಂದೇ ಅಳತೆ.

ಇಂದು ಈ ಎಚ್ಚರದ ಬೆಲೆ ಇನ್ನೂ ಹೆಚ್ಚಿದೆ. ಹಿಂದೆ 37 ಸರದಿಗಳಲ್ಲಿ 74 ಗ್ರೇ ವಿಕಿರಣ ಕೊಡುತ್ತಿದ್ದ ಕ್ರಮಕ್ಕೆ ಬದಲಾಗಿ 20 ಸರದಿಗಳಲ್ಲಿ 60 ಗ್ರೇ ಕೊಟ್ಟರೂ ರೋಗ ಹತೋಟಿಯಲ್ಲಿ ಕೊರತೆಯಾಗದೆಂದು ಬ್ರಿಟನ್ನಿನ ‘ಚಿಪ್’ ಎಂಬ ಅಧ್ಯಯನ 2016ರಲ್ಲಿ ತೋರಿಸಿತು. ಸರದಿಗಳು ಕಡಿಮೆಯಾದಂತೆ ಒಂದೊಂದು ದಿನದ ಪಾಲು ದೊಡ್ಡದಾಗುತ್ತದೆ.

ಸಾಮಾನ್ಯವಾಗಿ ಮೊದಲು ಮೂತ್ರವನ್ನು ಪೂರ್ಣ ವಿಸರ್ಜಿಸಿ, 300ರಿಂದ 500 ಮಿಲಿಲೀಟರ್ ನೀರು ಕುಡಿದು, ಅರ್ಧದಿಂದ ಒಂದು ಗಂಟೆ ಕಾಯಲು ಹೇಳುತ್ತಾರೆ. ಕೆಲವೆಡೆ ಮೂತ್ರಕೋಶ ಬರಿದಾಗಿರುವಾಗಲೇ ಚಿಕಿತ್ಸೆ ಕೊಡುವ ಪದ್ಧತಿಯೂ ಇದೆ. ಆದಕಾರಣ ನೆರೆಯವರ ಲೆಕ್ಕ ನಮಗಲ್ಲ. ನಮ್ಮ ಆಸ್ಪತ್ರೆ ಹೇಳಿದ್ದೇ ನಮಗೆ ಪ್ರಮಾಣ.

ಒಂದೇ ಅಳತೆಯ ನೀರು ಕುಡಿದರೂ ದಿನವೂ ಒಂದೇ ಅಳತೆಯ ಮೂತ್ರ ಸಂಗ್ರಹವಾಗುವುದಿಲ್ಲ. ಹಿಂದಿನ ದಿನ ನೀರು ಸಾಲದೆ ಒಣಗಿದ ದೇಹವು ಕುಡಿದ ನೀರನ್ನು ತಾನೇ ಇಟ್ಟುಕೊಳ್ಳುತ್ತದೆ. ಬೇಸಗೆಯ ಬಸ್ ಪ್ರಯಾಣ, ಉಪವಾಸ, ಕಾಫಿ, ಚಹ, ರಕ್ತದೊತ್ತಡಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ, ಇವೆಲ್ಲವೂ ಲೆಕ್ಕ ತಪ್ಪಿಸುತ್ತವೆ. ಆದ್ದರಿಂದ ಚಿಕಿತ್ಸೆ ಮುಗಿಯುವವರೆಗೆ ದಿನವಿಡೀ ಸಮನಾಗಿ ನೀರು ಕುಡಿಯಬೇಕು. ಕಾಫಿ, ಚಹ ಮಿತವಾಗಿರಲಿ. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಗುರುತು ಹಾಕಿದ ಒಂದೇ ಬಾಟಲಿಯಲ್ಲಿ ನೀರು ಒಯ್ದು, ಕುಡಿದ ವೇಳೆಯನ್ನು ಬರೆದಿಡುವುದು ಸುಲಭೋಪಾಯ. ಮಲಬದ್ಧತೆ, ವಾಯುಗಳಿಂದ ಗುದನಾಳ ಉಬ್ಬಿದರೂ ಗ್ರಂಥಿ ಸರಿಯುವುದರಿಂದ ಅದನ್ನೂ ತಿಳಿಸಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿಯಿರುವವರು ಮೊದಲೇ ಕೇಳಿಕೊಳ್ಳತಕ್ಕದ್ದು.

ಇನ್ನು ಹಿರಿಯರ ಸಂಕೋಚದ ಮಾತು. ಚಿಕಿತ್ಸೆ ಕೆಲವು ವಾರ ಸಾಗಿದ ಮೇಲೆ ಕಿರಣಗಳಿಂದ ಮೂತ್ರಕೋಶ ಕೆರಳಿ, ಹಿಡಿದಿಡುವ ಶಕ್ತಿ ಕುಗ್ಗುವುದು ಅನೇಕರಲ್ಲಿ ಕಂಡುಬರುವ ಸಂಗತಿ. ಅದು ಚಿಕಿತ್ಸೆಯ ಪರಿಣಾಮ, ವ್ಯಕ್ತಿಯ ದೌರ್ಬಲ್ಯವಲ್ಲ. ವಿಷಯ ತಿಳಿದರೆ ಸಿಬ್ಬಂದಿಯವರು ಕಾಯುವ ಅವಧಿಯನ್ನು ಹೊಂದಿಸುತ್ತಾರೆ. ವೈದ್ಯರು ಸೋಂಕಿದೆಯೇ ಎಂದು ಪರೀಕ್ಷಿಸಿ ಔಷಧ ಕೊಡಬಲ್ಲರು. ಯಂತ್ರದಿಂದ ಇಳಿಸಿ ಮತ್ತೆ ಕೂರಿಸಿದ್ದು ಶಿಕ್ಷೆಯಲ್ಲ. ಅಂದಿನ ಚಿತ್ರ ನಕ್ಷೆಗೆ ಹೊಂದಲಿಲ್ಲವೆಂದೇ ಹಾಗೆ ಮಾಡಿದ್ದಾರೆ.

ಪತ್ರ ಬರೆದ ಸಹೋದರರೆ, ತಂದೆಯವರಿಗೆ ಕೊಟ್ಟ ಮಾತನ್ನು ಮುರಿಯಬೇಡಿ; ಅವರನ್ನು ಒಪ್ಪಿಸಿ. ಈ ಪುಟವನ್ನೇ ಅವರಿಗೆ ಓದಿ ಹೇಳಿ. ಚೀಲದಲ್ಲಿ ಇನ್ನೊಂದು ಪಂಚೆ ಇಟ್ಟುಕೊಳ್ಳಿ. ನಾಳೆ ಸರದಿ ಬರುವ ಮುನ್ನ, “ಇವರಿಗೆ ಇಷ್ಟು ಹೊತ್ತು ತಡೆಯಲಾಗುತ್ತಿಲ್ಲ” ಎಂಬ ಒಂದು ಮಾತನ್ನು ಅವರ ಅನುಮತಿಯಿಂದ ನೀವೇ ಮೆಲ್ಲಗೆ ತಿಳಿಸಿ. ಹಿರಿಯರು ಚಿಕಿತ್ಸೆ ಪೂರೈಸಿ ನೆಮ್ಮದಿಯಿಂದ ಮನೆ ಸೇರಲೆಂದು ಹಾರೈಸುತ್ತೇವೆ.