ಹೇಳಿದವರು ಯಾರು?

ಹತ್ತನೆಯ ತರಗತಿಯ ಇಂಗ್ಲಿಷ್ ಪರೀಕ್ಷೆ ಎಂದೊಡನೆ ನಮ್ಮ ಹಳ್ಳಿಗಾಡಿನ ಹುಡುಗರ ಮುಖ ಬಾಡುವುದು ಎಲ್ಲರಿಗೂ ತಿಳಿದ ಸಂಗತಿ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷು ದ್ವಿತೀಯ ಭಾಷೆ; ಬರೆಯುವ ಪರೀಕ್ಷೆಗೆ 80 ಅಂಕ, ಶಾಲೆಯೇ ಕೊಡುವ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ನನ್ನ ತಮ್ಮನೂ ಅವನ ಜೊತೆಯವರು ನಾಲ್ವರೂ ಈ ಸಲ ಪರೀಕ್ಷೆಗೆ ಕೂಡುವವರು. ಕಾಲೇಜಿನ ಮೆಟ್ಟಿಲು ಹತ್ತಿದವನು ನಮ್ಮ ಮನೆಯಲ್ಲಿ ನಾನೊಬ್ಬನೇ ಆದುದರಿಂದ ಮೇಷ್ಟರ ಪಟ್ಟ ತಾನಾಗಿಯೇ ನನ್ನ ತಲೆಗೆ ಬಂದಿದೆ. ಅವರ ಗೈಡುಗಳನ್ನೂ ಪ್ರಾಜೆಕ್ಟ್ ಪುಸ್ತಕಗಳನ್ನೂ ತಿರುವಿಹಾಕಿದ ಮೇಲೆ ನನಗೆ ತೋಚಿದ ಒಂದು ವಿಚಾರವನ್ನು ವಾಚಕ ಮಿತ್ರರ ಮುಂದಿಡುತ್ತೇನೆ.

ಗೈಡಿನಲ್ಲಿ 'ರಿಪೋರ್ಟೆಡ್ ಸ್ಪೀಚ್' ಎಂಬುದಕ್ಕೆ ಒಂದು ಪಾಕಪಟ್ಟಿ ಇರುತ್ತದೆ. 'ಸೆಡ್ ಟು' ಎಂಬುದನ್ನು 'ಟೋಲ್ಡ್' ಮಾಡು. ಉದ್ಧರಣ ಚಿಹ್ನೆಯನ್ನು ತೆಗೆದು 'ದಟ್' ಹಾಕು. ವರ್ತಮಾನವನ್ನು ಭೂತಕ್ಕೆ ತಳ್ಳು. 'ಟುಡೇ' ಇದ್ದರೆ 'ದಟ್ ಡೇ', 'ಟುಮಾರೋ' ಇದ್ದರೆ 'ದ ನೆಕ್ಸ್ಟ್ ಡೇ'. ಹುಡುಗರು ಇದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಒಪ್ಪಿಸಿದ ಮರುಗಳಿಗೆಯಲ್ಲಿಯೇ 'ಹೀ ಸೆಡ್ ದಟ್ ಐ ವಿಲ್ ಕಮ್' ಎಂದು ಬರೆಯುತ್ತಾರೆ! ಅವನು ತಾನು ಬರುವೆನೆಂದದ್ದು ಹೋಗಿ, ಇಂಗ್ಲಿಷಿನಲ್ಲಿ ಬರಬೇಕಾದವನು ಬರೆದ ಹುಡುಗನೇ ಆಗಿಬಿಡುತ್ತಾನೆ. ಇದನ್ನು ದಡ್ಡತನವೆಂದು ಕರೆಯುವವರು ಕನ್ನಡವನ್ನು ಗಮನಿಸಿ ನೋಡಿದವರಲ್ಲ. ನಾವು 'ನಾನು ಬರುತ್ತೇನೆ ಎಂದು ಅವನು ಹೇಳಿದನು' ಎನ್ನುತ್ತೇವೆ. ಅವನಾಡಿದ ಮಾತನ್ನು ಅವನ 'ನಾನು' ಸಮೇತ ಎತ್ತಿ ತಂದು, ಕೊನೆಗೆ 'ಎಂದು' ಎಂಬ ಮುದ್ರೆ ಒತ್ತುತ್ತೇವೆ. ಆ ಮುದ್ರೆ ಬಿದ್ದ ಮೇಲೆ ಗೊಂದಲವಿಲ್ಲ. ಹೀಗೆ ಮಾತನಾಡಿ ಬೆಳೆದ ಹುಡುಗನಿಗೆ 'ಐ' ಏಕೆ 'ಹೀ' ಆಗಬೇಕೆಂದು ಯಾರಾದರೂ ಹೇಳಬೇಡವೆ? ಇಂಗ್ಲಿಷಿನವನು ವರದಿ ಮಾಡುವಾಗ ತಾನು ನಿಂತ ಜಾಗದಿಂದಲೇ ಎಲ್ಲವನ್ನೂ ನೋಡುತ್ತಾನೆ. ಕನ್ನಡದವನು ಹೇಳಿದವನ ಬಾಯಿಯನ್ನೇ ಎರವಲು ತರುತ್ತಾನೆ. ಇಷ್ಟನ್ನು ಜಗಲಿಯ ಮೇಲೆ ಕನ್ನಡದಲ್ಲಿ ಬಿಡಿಸಿ ಹೇಳಿದ ದಿನ ಪಾಕಪಟ್ಟಿಯ ಅರ್ಧಭಾಗ ಬೇಡವಾಯಿತು. ('ಕ್ವೆಶ್ಚನ್ ಟ್ಯಾಗಿ'ನ ಕಥೆಯೂ ಇಂಥದೇ. ನಮ್ಮ ಒಂದೇ 'ಅಲ್ಲವೆ?' ನಿಭಾಯಿಸುವ ಕೆಲಸಕ್ಕೆ ಅವರಲ್ಲಿ ಒಂದು ಸೈನ್ಯವೇ ಇದೆ. ಅದಿರಲಿ.)

ಈ ಪಾಠ ಕೇವಲ ವ್ಯಾಕರಣದ್ದಲ್ಲ, ಯಾರ ಮಾತು ಯಾರದೆಂದು ಗುರುತಿಸುವ ಪಾಠ ಎಂಬುದು ನನ್ನ ವಾದ. ಈ ವಿಷಯದಲ್ಲಿ ನಮ್ಮ ಮನೆಯ ಹೆಂಗಸರು ಯಾವ ಪಂಡಿತರಿಗೂ ಕಡಿಮೆಯಲ್ಲ. ನನ್ನ ತಾಯಿ ಶಾಲೆಯ ಮುಖ ಕಂಡವರಲ್ಲ. ಆದರೂ ತಾವೇ ಕಣ್ಣಾರೆ ನೋಡಿದ್ದರೆ 'ಸೊಸೈಟಿಗೆ ಅಕ್ಕಿ ಬಂದಿದೆ' ಎನ್ನುತ್ತಾರೆ. ಬೇರೆಯವರಿಂದ ಕೇಳಿದ್ದರೆ 'ಬಂದಿದೆಯಂತೆ' ಎನ್ನುತ್ತಾರೆ. 'ಯಾರಮ್ಮ ಹೇಳಿದ್ದು?' ಎಂದರೆ ಹೆಸರು ಸಿದ್ಧವಾಗಿರುತ್ತದೆ. ಇಂಗ್ಲಿಷಿನವನು ಇದಕ್ಕಾಗಿ 'ಇಟ್ ಈಸ್ ಸೆಡ್ ದಟ್' ಎಂದು ನಾಲ್ಕು ಮಾತು ಕೂಡಿಸಬೇಕು. ನಮಗೆ ಕ್ರಿಯಾಪದದ ಬಾಲದಲ್ಲಿ ಒಂದು 'ಅಂತೆ' ಸಾಕು. ಆಧಾರವಿಲ್ಲದ ಮಾತನ್ನು 'ಅಂತೆಕಂತೆ' ಎಂದು ತಳ್ಳಿಹಾಕುವ ಅಭ್ಯಾಸವೂ ನಮ್ಮಲ್ಲಿ ಉಂಟು. ಇಂಥ ಭಾಷೆಯನ್ನು ಹಾಲಿನೊಡನೆ ಕುಡಿದ ಹುಡುಗರಿಗೆ ಆಕರವನ್ನು ಹೇಳುವುದು ಹೊಸ ವಿದ್ಯೆಯೇ?

ಆದರೆ ಅವರ ಪ್ರಾಜೆಕ್ಟ್ ಪುಸ್ತಕಗಳನ್ನು ನೋಡಿದರೆ ಈ 'ಅಂತೆ' ಎಲ್ಲಿ ಹೋಯಿತೆಂದು ಆಶ್ಚರ್ಯವಾಗುತ್ತದೆ. ಐದು ಪುಸ್ತಕಗಳಲ್ಲಿಯೂ ನೀರಿನ ಸಂರಕ್ಷಣೆಯನ್ನು ಕುರಿತು ಅಕ್ಷರವೂ ಬದಲಾಗದ ಅದೇ ಮೂರು ಪುಟಗಳು. ಬಣ್ಣದ ಪೆನ್ನಿನ ಗೆರೆಗಳಿವೆ, ಅಂಟಿಸಿದ ಚಿತ್ರಗಳಿವೆ. ಎಲ್ಲಿಂದ ತಂದದ್ದೆಂಬ ಒಂದು ಸಾಲಿಲ್ಲ. ಅಂತರ್ಜಾಲದಿಂದ ಬಂದಿತೋ, ಹಿರಿಯ ವಿದ್ಯಾರ್ಥಿಯ ಪುಸ್ತಕದಿಂದ ಬಂದಿತೋ, ಈಚೆಗೆ ಮೊಬೈಲಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಕೃತಕ ಬುದ್ಧಿಯಿಂದ ಬಂದಿತೋ, ಬಲ್ಲವರಾರು? ಪ್ರಬಂಧಗಳ ಸ್ಥಿತಿ ಇದಕ್ಕೂ ವಿಚಿತ್ರ. ಇಂಗ್ಲಿಷ್ ಪ್ರಬಂಧದ ನೆತ್ತಿಯ ಮೇಲೆ ಒಂದು ಸುಭಾಷಿತ ಇರಲೇಬೇಕೆಂಬ ನಂಬಿಕೆಯಿದೆ. ಹೇಳಿದವರ ಹೆಸರು ನೆನಪಿಗೆ ಬಾರದಿದ್ದರೆ 'ಒಬ್ಬ ಮಹಾಪುರುಷರು ಹೇಳಿದಂತೆ' ಎಂದರಾಯಿತು, ಇಲ್ಲವಾದರೆ ಗಾಂಧೀಜಿ ಇದ್ದೇ ಇದ್ದಾರೆ. ಜಗತ್ತಿನಲ್ಲಿ ಬಯಸುವ ಬದಲಾವಣೆ ಮೊದಲು ನೀನೇ ಆಗಬೇಕು ಎಂಬರ್ಥದ ಪ್ರಸಿದ್ಧ ಇಂಗ್ಲಿಷ್ ವಾಕ್ಯ ಎಷ್ಟು ಶಾಲೆಗಳ ಗೋಡೆಯ ಮೇಲೆ ಅವರ ಹೆಸರಿನಲ್ಲಿಲ್ಲ! ಆ ರೂಪದ ವಾಕ್ಯ ಅವರ ಬರಹಗಳಲ್ಲಿ ಸಿಕ್ಕಿಲ್ಲ. ಸತ್ಯಕ್ಕಾಗಿ ಬಾಳಿದವರ ಬಾಯಲ್ಲಿ ಅವರಾಡದ ಮಾತನ್ನು ತುರುಕುವುದು ನನಗಂತೂ ನಗೆಯ ವಿಷಯವಾಗಿ ತೋರುವುದಿಲ್ಲ.

ಹಿಂದಿನವರು ಹೀಗಿರಲಿಲ್ಲ. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸುವಾಗ, ತನಗೆ ಲಕ್ಷ್ಯವಾದ ಕವಿಗಳು ಗಜಗ, ಗುಣನಂದಿ, ಅಸಗ, ಪೊನ್ನ, ಪಂಪ ಮೊದಲಾದವರೆಂದು ಆರಂಭದಲ್ಲಿಯೇ ಹೆಸರಿಟ್ಟು ಹೇಳಿದ್ದಾನೆ. ಗಜಗನ ಕಾವ್ಯ ಇಂದು ನಮಗೆ ದೊರೆಯದು. ಅವನೊಬ್ಬ ಕವಿ ಇದ್ದನೆಂಬುದಕ್ಕೆ ಇಂಥ ಸ್ಮರಣೆಗಳೇ ಆಧಾರ. ಆದರೆ ಕೇಶಿರಾಜನು ಕೊಟ್ಟ ಉದಾಹರಣೆಗಳಲ್ಲಿ ಎಷ್ಟೋ ಪದ್ಯಗಳು ಯಾವ ಕಾವ್ಯದವೆಂದು ಅವನು ಸೂಚಿಸಲಿಲ್ಲ. ಮುಂದಿನ ವಿದ್ವಾಂಸರು ಅವುಗಳ ಮೂಲವನ್ನು ಅರಸುತ್ತ ಕಣ್ಣು ಸವೆಸಬೇಕಾಯಿತು. ಒಂದು ಹೆಸರು ಬರೆದರೆ ಏನು ಉಳಿಯುತ್ತದೆ, ಬರೆಯದಿದ್ದರೆ ಏನು ಕಳೆಯುತ್ತದೆ ಎಂಬೆರಡಕ್ಕೂ ಸಾಕ್ಷಿ ಒಂದೇ ಗ್ರಂಥದಲ್ಲಿದೆ. ಇನ್ನು 1894ರಲ್ಲಿ ಪ್ರಕಟವಾದ ಕಿಟ್ಟೆಲ್ ಸಾಹೇಬರ ನಿಘಂಟನ್ನು ನಮ್ಮ ಗ್ರಂಥಾಲಯದಲ್ಲಿ ತೆರೆದು ನೋಡಿರಿ. ಇದು ವ್ಯಾಕರಣ ಗ್ರಂಥದಿಂದ, ಇದು ಗಾದೆಯಿಂದ, ಇದು ಮೈಸೂರು ಕಡೆಯ ಬಳಕೆಯಿಂದ ಎಂದು ಪುಟ್ಟ ಪುಟ್ಟ ಸಂಕೇತಗಳಿವೆ. ನಮ್ಮ ಗಾದೆಗಳಿಗೂ ಆ ಪುಟಗಳಲ್ಲಿ ಆಕರವೆಂಬ ಮರ್ಯಾದೆ ದೊರೆತಿದೆ.

ಪರೀಕ್ಷೆ ತಲೆಯ ಮೇಲಿರುವಾಗ ಇದೆಲ್ಲ ಎಲ್ಲಿಯ ಪುರಾಣ, ಅಂಕ ಬಂದರೆ ಸಾಲದೆ ಎಂದು ಕೆಲವರು ಕೇಳಬಹುದು. ಅಂಕವನ್ನು ನಾನು ಹಗುರವಾಗಿ ಕಾಣುವವನಲ್ಲ. ಪಟ್ಟಣದ ಹುಡುಗ ಇಂಗ್ಲಿಷಿನಲ್ಲಿ ಹಿಂದೆ ಬಿದ್ದರೆ ಟ್ಯೂಷನ್ನಿಗೆ ಹೋದಾನು. ನಮ್ಮ ಜಗಲಿಯ ಹುಡುಗರಲ್ಲಿ ಒಬ್ಬನು ಆ ಒಂದು ವಿಷಯದಲ್ಲಿ ನಪಾಸಾದರೆ ಅವನ ತಂದೆ ಮರುದಿನವೇ ಇಟ್ಟಿಗೆ ಗೂಡಿಗೆ ಕರೆದೊಯ್ಯುತ್ತೇನೆಂದು ಈಗಲೇ ಹೇಳಿಟ್ಟಿದ್ದಾನೆ. ಆದುದರಿಂದಲೇ ಅಂಕದ ಭಾಷೆಯಲ್ಲಿಯೇ ನನ್ನ ಸೂಚನೆಯನ್ನು ಮುಂದಿಡುತ್ತೇನೆ. ಆಂತರಿಕ ಮೌಲ್ಯಮಾಪನದ 20ರಲ್ಲಿ ಎರಡು ಅಂಕವನ್ನು ಪ್ರಾಜೆಕ್ಟಿನ ಕೊನೆಯ ಪುಟಕ್ಕೆ ಮೀಸಲಿಡಲಿ. ಅಲ್ಲಿ ಯಾವ ಪುಸ್ತಕ, ಯಾರು ಬರೆದದ್ದು, ಯಾರನ್ನು ಕೇಳಿದ್ದು ಎಂದು ಹುಡುಗನು ಕನ್ನಡದಲ್ಲಾದರೂ ಬರೆಯಲಿ. ಊರಿನ ಕೆರೆಯ ವಿಷಯವನ್ನು ಅಜ್ಜನಿಂದ ಕೇಳಿ ಬರೆದಿದ್ದರೆ ಅಜ್ಜನ ಹೆಸರೂ ಅಲ್ಲಿರಲಿ. ವ್ಯಾಕರಣದ ಪ್ರಶ್ನೆಯಲ್ಲಿ ಬಿಡಿ ವಾಕ್ಯಗಳ ಬದಲು ಇಬ್ಬರ ಸಂಭಾಷಣೆಯನ್ನು ಕೊಟ್ಟು, ಅಲ್ಲಿ ಇರದಿದ್ದ ಮೂರನೆಯವನಿಗೆ ಅದನ್ನು ತಿಳಿಸಿ ಬರೆಯೆಂದು ಕೇಳಲಿ. ಪರೀಕ್ಷಕರಿಗೆ ಉತ್ತರಪತ್ರಿಕೆ ತಿದ್ದುವ ಶ್ರಮ ತುಸು ಹೆಚ್ಚೀತು. ಎಂಟನೆಯ ತರಗತಿಯಿಂದಲೇ ಈ ಅಭ್ಯಾಸಕ್ಕೆ ತೊಡಗಿದರೆ ಹತ್ತನೆಯದಕ್ಕೆ ಬರುವ ಹೊತ್ತಿಗೆ ಎರಡು ವರ್ಷಗಳ ಕಾಲಾವಕಾಶವೂ ಇದೆ.